ಎಡಗನ್ನಡಿಯಲ್ಲಿ ರಸ್ತೆ ಇರಲಿಲ್ಲ

ನಮ್ಮ ಗಾಡಿಯ ಎಡಗನ್ನಡಿಯಲ್ಲಿ ರಸ್ತೆ ಕಾಣುತ್ತಿರಲಿಲ್ಲ. ನಾನು ಕಾಣುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಈ ಸಂಗತಿ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಗೊತ್ತಾದದ್ದು ಮೆಕ್ಯಾನಿಕ್ ಬಾಷಾನಿಂದ.

ನಾವು ಗಾಡಿಯಿಂದ ಬಿದ್ದಿದ್ದೆವು. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಸೊಟ್ಟಗಾಗಿದ್ದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿ ಬಾಷಾ ಗಾಡಿಯನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ನನ್ನ ಎಡಗೈಗೆ ಆಗ ಇನ್ನೂ ಪ್ಲಾಸ್ಟರ್ ಇತ್ತು. ಕೀ ಕೊಡುವ ಮೊದಲು ಅವನು ಸೀಟಿನ ಮೇಲೆ ಕೂತೇ ಕನ್ನಡಿ ನೋಡಿ ತಲೆ ಕೆರೆದುಕೊಂಡ.

"ಅಕ್ಕಾ, ಈ ಮಿರರ್‌ನ ಯಾರು ಹಿಂಗೆ ಸೆಟ್ ಮಾಡಿರೋದು? ನಟ್ಟು ತುಕ್ಕು ಹಿಡಿದು ಕಚ್ಕೊಂಬಿಟ್ಟೈತೆ. ಇದ್ರಲ್ಲಿ ಹಿಂದಿನ ಸೀಟು ಬಿಟ್ರೆ ಇನ್ನೇನೂ ಕಾಣಲ್ವಲ್ಲ."

"ಬಿದ್ದಾಗ ತಿರುಗಿರಬೇಕು ಕಣಪ್ಪ," ಎಂದೆ.

"ಇಲ್ಲಕ್ಕಾ, ಇದು ಹಳೇ ತುಕ್ಕು. ಬೇಕಾದ್ರೆ ನೀವೇ ಹಿಂದೆ ಕೂತು ನೋಡಿ."

ಒಂದು ಕೈಯಲ್ಲೇ ಸೀರೆ ಸರಿಮಾಡಿಕೊಂಡು ಹೋಗಿ ಹಿಂದೆ ಕೂತೆ. ಕನ್ನಡಿಯಲ್ಲಿ ಬಾಷಾನ ಕಣ್ಣುಗಳು ನೇರವಾಗಿ ನನ್ನನ್ನೇ ನೋಡುತ್ತಿದ್ದವು. "ಮೂಗುಬೊಟ್ಟಿನ ಸಮೇತ ಕಾಣ್ತಿದೀರ," ಎಂದು ನಕ್ಕು ಸ್ಪ್ಯಾನರ್ ಎತ್ತಿಕೊಂಡ. ಅಷ್ಟರಲ್ಲಿ ಒಳಗಿದ್ದ ನಮ್ಮನೆಯವರು ಪಂಚೆ ಎತ್ತಿ ಕಟ್ಟುತ್ತ ಓಡಿ ಬಂದರು. "ಏಯ್ ಬಾಷಾ, ಅದನ್ನ ಮುಟ್ಬೇಡ ಕಣೋ!"

ಯಾಕೆ ಮುಟ್ಟಬಾರದು ಎಂದು ನಾನು ಕೇಳಿದೆ. ಅವರಿಗೆ ಕೇಳಿಸಲಿಲ್ಲ. ನಮ್ಮನೆಯವರಿಗೆ ಕಿವಿ ಕೇಳುವುದು ಕಡಿಮೆ, ಅದು ನಿಜ. ಬೇಡದ ಪ್ರಶ್ನೆ ಬಂದಾಗ ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ, ಅದೂ ನಿಜ.

ಅವತ್ತಿನಿಂದ ನನ್ನ ತಲೆಯೆಲ್ಲ ಚಿತ್ರಾನ್ನ. ನಮ್ಮ ಮಗಳು ಸೌಮ್ಯ ನೆಲಮಂಗಲದಲ್ಲಿದ್ದಾಳೆ. ದಿನವೂ ಸ್ಕೂಟರ್‌ನಲ್ಲಿ ದಾಬಸ್‌ಪೇಟೆಯ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋಗಿಬರುವವಳು. ನಾವು ಬಿದ್ದ ದಿನದಿಂದ ಅವಳದು ಒಂದೇ ಹಟ. "ಅಮ್ಮಾ, ಅಪ್ಪನ ಗಾಡಿ ಇನ್ಮೇಲೆ ನೀನು ಹತ್ತಬಾರ್ದು. ಹತ್ತಿದೆ ಅಂತ ಗೊತ್ತಾದ್ರೆ ನಾನು ನಿಮ್ಮನೆಗೇ ಬರಲ್ಲ." ಹತ್ತಬೇಕೋ ಬಿಡಬೇಕೋ ಎಂದು ನಾನು ಒಂದೇ ಕೈಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ, ಅನ್ನಕ್ಕೆ ಇಡುತ್ತ, ಒಂದೇ ಸಮನೆ ಯೋಚಿಸಿದೆ. ಬೇರೆಯವರಿಗೆ ಇದು ಆಟೋ ಹಿಡಿದರೆ ಮುಗಿಯುವ ವಿಷಯ. ನಮಗೆ ಯಾಕೆ ಅಷ್ಟು ಸುಲಭವಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹುಟ್ಟಿದಾರಭ್ಯ ಹಿಂದಿನ ಸೀಟಿನವಳು. ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಕಲೆ ಇದೆ. ಅದು ಅಪ್ಪನ ಸೈಕಲ್ಲಿನ ಕಡ್ಡಿಗಳು ಕೊಟ್ಟದ್ದು. ದೇವನಹಳ್ಳಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನ ವಯಸ್ಸಿನ ಯಾರ ಹಿಮ್ಮಡಿ ನೋಡಿದರೂ ಇಂಥದೊಂದು ಕಲೆ ಸಿಗುತ್ತದೆ. "ಕಾಲು ಅಗಲ ಇಟ್ಕೊಳಮ್ಮಾ, ಕಾಲು ಅಗಲ" ಎಂದು ಅಪ್ಪ ಪೆಡಲ್ ತುಳಿಯುತ್ತ ಹೇಳುತ್ತಲೇ ಇದ್ದರು. ಆದರೆ ಅವತ್ತು ದಾರಿಯಲ್ಲಿ ಕೋಲೆ ಬಸವ ಬಂದಿತ್ತು. ಅದರ ಕೊಂಬಿನ ಬಣ್ಣದ ಬಟ್ಟೆಯನ್ನೇ ನೋಡುತ್ತ ಕತ್ತು ತಿರುಗಿಸಿದೆ. ಕತ್ತಿನ ಜೊತೆ ಕಾಲೂ ತಿರುಗಿತು. ಅಪ್ಪ ನನ್ನನ್ನು ಹೊತ್ತುಕೊಂಡು ಬಂದು ಗಾಯಕ್ಕೆ ಕಾಫಿಪುಡಿ ಮೆತ್ತಿದರು. ಅಮ್ಮ ಕೋಲೆ ಬಸವನವನನ್ನು ಹುಡುಕಿಕೊಂಡು ಹೋಗಿ ಬೈದು ಬಂದಳು. ಅಜ್ಜಿ ರಾಹುಕಾಲದಲ್ಲಿ ಹೊರಟದ್ದೇ ತಪ್ಪು ಎಂದಳು. ಕಡ್ಡಿಗಳಿಗೆ ಒಂದು ಜಾಲರಿ ಹಾಕಿಸಬೇಕು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ತಪ್ಪು ಯಾರದು ಎನ್ನುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಆಗಲೂ ಹೀಗೇ ಗೊಂದಲ.

ಆಮೇಲೆ ಅಪ್ಪ ಮೊಪೆಡ್ ತಂದರು. ಮುಂದೆ ತಮ್ಮ ನಿಲ್ಲುತ್ತಿದ್ದ, ನಡುವೆ ನಾನು, ಹಿಂದೆ ಅಮ್ಮ, ಅಮ್ಮನ ತೊಡೆಯ ಮೇಲೆ ತಂಗಿ ವನಜ, ವನಜಳ ತೊಡೆಯ ಮೇಲೆ ತಿಂಡಿ ಡಬ್ಬಿ. ಹಾಗೇ ಮದುವೆ ಮುಂಜಿ ಎಲ್ಲಕ್ಕೂ ಹೋಗಿ ಬಂದೆವು. ಡಬ್ಬಿಯ ಮುಚ್ಚಳ ಬಿಚ್ಚಿಕೊಂಡೀತು ಎನ್ನುವ ಭಯವೊಂದು ಬಿಟ್ಟರೆ ಬೇರೆ ಭಯ ಯಾರಿಗೂ ಇದ್ದ ನೆನಪಿಲ್ಲ. ಈಗ ಸೌಮ್ಯಳಿಗೆ ಇದನ್ನು ಹೇಳಿದರೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. "ನೀವೆಲ್ಲ ಹೆಂಗೆ ಬದುಕಿ ಉಳಿದ್ರಿ?" ಅಂತ. ಅದೇ ನನಗೂ ಅರ್ಥವಾಗದೇ ಇರುವುದು.

ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದೆ. ನಮ್ಮದು ಮಗ್ಗದವರ ಬೀದಿ. ಅಲ್ಲಿ ಮಾತು ಎನ್ನುವುದು ಕರೆಂಟು ಹೋದಾಗ ಆಡುವ ವಸ್ತು. ಮನೆಯ ಅರ್ಧ ಭಾಗದಲ್ಲಿ ಮಗ್ಗಗಳು, ಇನ್ನರ್ಧದಲ್ಲಿ ನಾವು. ಹೊಸದರಲ್ಲಿ ಅತ್ತೆ ನನ್ನನ್ನು ಬೈಯುತ್ತಿದ್ದಾರೋ ಊಟಕ್ಕೆ ಕರೆಯುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಎರಡಕ್ಕೂ ಒಂದೇ ಥರ ತಲೆಯಾಡಿಸುತ್ತಿದ್ದೆ. ಒಳ್ಳೆ ಸೊಸೆ ಎಂದು ಹೆಸರು ಬಂದದ್ದು ಹಾಗೆ.

ನಮ್ಮನೆಯವರು ಮೀಸೆ ಮೂಡುವ ಮೊದಲಿನಿಂದ ಮಗ್ಗಗಳ ನಡುವೆ ನಿಂತವರು. ಕಿವಿ ಮೆಲ್ಲಮೆಲ್ಲಗೆ ಹೋಯಿತು. ಹೋಗುತ್ತಿರುವುದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ, ಯಾಕೆಂದರೆ ನಮ್ಮ ಬೀದಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಡಾಕ್ಟರು ಕಿವಿಗೊಂದು ಮೆಷಿನ್ ಹಾಕಿಸಿಕೊಳ್ಳಿ ಎಂದಾಗ, "ಮನೇಲಿರೋ ಮೆಷಿನ್‌ಗಳೇ ಸಾಕು ಸಾರ್, ಇನ್ನೊಂದು ಯಾಕೆ?" ಎಂದು ಎದ್ದು ಬಂದರು.

ಮಗ್ಗದ ಕೆಲಸದ ಜೊತೆಗೆ ಗಾಡಿಯಲ್ಲಿ ನೂಲು ತರುವುದು, ನೇಯ್ದ ಸೀರೆಯ ಗಂಟು ಕೊಟ್ಟುಬರುವುದು ಅವರದೇ ಕೆಲಸ. ಬೀದಿ ಕಿರಿದು. ಗಂಟು ಕಟ್ಟಿಕೊಂಡು ತಿರುಗುವಾಗ ಬಲಗಡೆಯ ಕನ್ನಡಿ ಯಾರದೋ ಬಾಗಿಲಿಗೆ ತಾಗಿ ಒಡೆಯಿತು. ಹೊಸದು ಹಾಕಿಸಿದರು, ಅದೂ ಒಡೆಯಿತು. ಆಮೇಲೆ ಹಾಕಿಸಲಿಲ್ಲ. ಗಾಡಿ ಬದಲಾದಾಗಲೆಲ್ಲ ಮೊದಲು ಬಲಗನ್ನಡಿ ಬಿಚ್ಚಿ ಅಟ್ಟದ ಮೇಲಿಡುವುದು ನಮ್ಮ ಮನೆಯ ಪೂಜೆಯ ಭಾಗವೇ ಆಗಿಹೋಯಿತು. ನಿಂಬೆಹಣ್ಣು ಚಕ್ರದ ಕೆಳಗೆ, ಕನ್ನಡಿ ಅಟ್ಟದ ಮೇಲೆ.

ಹಾಗಾದರೆ ಹಿಂದೆ ಬರುವ ಗಾಡಿ ಅವರಿಗೆ ಗೊತ್ತಾಗುವುದು ಹೇಗೆ? ಕಣ್ಣಿಗೆ ಒಂದು ಕನ್ನಡಿ ಇತ್ತು, ಕಿವಿಗೆ ನಾನಿದ್ದೆ. ನಮ್ಮಿಬ್ಬರ ನಡುವೆ ಒಂದು ಭಾಷೆ ಹುಟ್ಟಿಕೊಂಡಿತ್ತು. ಎಡಭುಜ ತಟ್ಟಿದರೆ ಎಡಗಡೆಯಿಂದ ಗಾಡಿ ಬರುತ್ತಿದೆ, ಬಲಭುಜ ತಟ್ಟಿದರೆ ಬಲಗಡೆಯಿಂದ. ಸೊಂಟ ಹಿಂಡಿದರೆ ಮುಂದೆ ಹಂಪ್ ಇದೆ, ಮೆಲ್ಲಗೆ. ಕಾಲರ್ ಹಿಡಿದು ಎಳೆದರೆ ಮಲ್ಲಿಗೆ ಮಾರುವವಳು ಸಿಕ್ಕಿದ್ದಾಳೆ, ನಿಲ್ಲಿಸಿ. ಬೆನ್ನಿಗೆ ಮುಷ್ಟಿಯಿಂದ ಗುದ್ದಿದರೆ ಪೊಲೀಸರು. ಆಗ ಅವರು ಟ್ಯಾಂಕಿನ ಮೇಲೆ ಕೂತಿದ್ದ ಹೆಲ್ಮೆಟ್ಟನ್ನು ತಲೆಗೇರಿಸುತ್ತಿದ್ದರು. ಸರ್ಕಲ್ ದಾಟಿದ ಮೇಲೆ ಅದು ಮತ್ತೆ ಟ್ಯಾಂಕಿಗೆ ಇಳಿಯುತ್ತಿತ್ತು. ಹೆಲ್ಮೆಟ್ ಹಾಕಿಕೊಂಡರೆ ಕೇಳಿಸುವ ಅಲ್ಪಸ್ವಲ್ಪವೂ ಹೋಗುತ್ತದೆ ಎನ್ನುವುದು ಅವರ ವಾದ. ನನಗಂತೂ ಹೆಲ್ಮೆಟ್ಟೇ ಇರಲಿಲ್ಲ. ತುರುಬಿನ ಮೇಲೆ ಕೂರುವುದಿಲ್ಲ ಎನ್ನುವುದು ನನ್ನ ವಾದ.

ನೀವು ನಗಬಹುದು. ಆದರೆ ಮನೆಯೊಳಗೆ ಒಂದು ದಿನವೂ ಗಂಡ ಹೆಂಡತಿ ಕೂತು ನಾಲ್ಕು ಮಾತಾಡಲು ಆಗದವರಿಗೆ ಆ ಗಾಡಿಯೇ ಮಾತು. ಘಾಟಿ ದೇವಸ್ಥಾನಕ್ಕೆ ಹೋಗಿ ಬರುವಾಗ ಒಂದು ಇಳಿಜಾರು ಸಿಗುತ್ತದೆ. ಅಲ್ಲಿ ನಮ್ಮನೆಯವರು ಇಂಜಿನ್ ಆಫ್ ಮಾಡಿ ಗಾಡಿಯನ್ನು ಹಾಗೇ ಜಾರಲು ಬಿಡುತ್ತಿದ್ದರು. ಪೆಟ್ರೋಲ್ ಉಳಿಯುತ್ತದಂತೆ. ಎಷ್ಟು ಉಳಿಯಿತೋ ದೇವರಿಗೇ ಗೊತ್ತು. ಆದರೆ ಇಂಜಿನ್ ನಿಂತಾಗ ಗಾಳಿಯ ಸದ್ದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆಗ ಅವರ ಕಿವಿ ಈಗಿನಷ್ಟು ಹೋಗಿರಲಿಲ್ಲ. ಬಾಯಿಯನ್ನು ಅವರ ಕಿವಿಯ ಹತ್ತಿರ ತಂದು ಹೇಳಿದರೆ ಕೇಳಿಸುತ್ತಿತ್ತು. ಸೌಮ್ಯ ಹೊಟ್ಟೆಯಲ್ಲಿದ್ದಾಳೆ ಎಂದು ನಾನು ಅವರಿಗೆ ಹೇಳಿದ್ದು ಆ ಇಳಿಜಾರಿನಲ್ಲೇ. ಅವರು ಖುಷಿಗೆ ಎರಡೂ ಕೈ ಬಿಟ್ಟರು. ಇಂಜಿನ್ ಇಲ್ಲ, ಕೈ ಇಲ್ಲ, ಹಿಂದೆ ಬಸುರಿ ಹೆಂಗಸು. ಆದರೆ ನನ್ನ ಬದುಕಿನ ಒಳ್ಳೆಯ ಗಳಿಗೆ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳಬೇಕಾಗುತ್ತದೆ. ಏನು ಮಾಡಲಿ, ಹೇಳಿ?

ಈಗ ಪೆಟ್ರೋಲ್ ಬಂಕಿನ ಪ್ರಸಂಗ. ನಮ್ಮ ನೆಂಟರಿಷ್ಟರಲ್ಲಿ ಇದನ್ನು ಕೇಳದವರಿಲ್ಲ. ಸೌಮ್ಯ ಇನ್ನೂ ಕೈಗೂಸು. ಅವಳನ್ನು ಅತ್ತೆಯ ಹತ್ತಿರ ಬಿಟ್ಟು ನಾವು ಒಂದು ಸೀಮಂತಕ್ಕೆ ಹೋಗಿ ಬರುತ್ತಿದ್ದೆವು. ಬಂಕಿನಲ್ಲಿ ನಾನು ಇಳಿದೆ. ಪೆಟ್ರೋಲ್ ಹಾಕಿಸಿದರು, ಮುಚ್ಚಳ ತಿರುಗಿಸಿದರು, ಕಿಕ್ಕರ್ ತುಳಿದರು, ಹೋದರು. ನಾನು "ರೀ! ರೀ!" ಎಂದು ಕೂಗಿದೆ. ಬಂಕಿನ ಹುಡುಗರು ಕೂಗಿದರು. ಒಬ್ಬ ಲಾರಿಯವನು ಹಾರ್ನ್ ಹೊಡೆದ. ಯಾರದೂ ಕೇಳಿಸಲಿಲ್ಲ. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ತಾಂಬೂಲದ ಚೀಲ ಹಿಡಿದು, ಬಂಕಿನ ಗಾಳಿ ಪಂಪಿನ ಪಕ್ಕ ನಿಂತೆ. ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ನಮ್ಮನೆಯವರು ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಿಕೊಂಡೇ ಹೋದರಂತೆ. ಸೀಮಂತದ ಊಟದಲ್ಲಿ ಉಪ್ಪು ಜಾಸ್ತಿಯಾಗಿತ್ತು, ನಿಮ್ಮ ದೊಡ್ಡಪ್ಪ ಸೊರಗಿದ್ದಾರೆ, ಹೀಗೆ. ಉತ್ತರ ಬಾರದೇ ಇದ್ದದ್ದು ಅವರಿಗೆ ವಿಶೇಷ ಅನ್ನಿಸಲಿಲ್ಲ, ಯಾಕೆಂದರೆ ಇಂಜಿನ್ ಸದ್ದಿನಲ್ಲಿ ನನ್ನ ಉತ್ತರ ಅವರಿಗೆ ಯಾವತ್ತೂ ಕೇಳಿಸುತ್ತಿರಲಿಲ್ಲ. ಮನೆ ಮುಂದೆ ನಿಲ್ಲಿಸಿ, "ಇಳಿ, ಗೇಟು ತೆಗಿ," ಎಂದಾಗ ಅತ್ತೆಯೇ ಗೇಟು ತೆಗೆದರಂತೆ. "ಏನೋ, ನನ್ನ ಸೊಸೆ ಎಲ್ಲೋ?" ಎಂದರಂತೆ. ಅದು ಮಾತ್ರ ಕೇಳಿಸಿತಂತೆ.

ವಾಪಸ್ ಬಂದಾಗ ಅವರ ಮುಖ ನೋಡಬೇಕಿತ್ತು. ಮೈಯೆಲ್ಲ ಬೆವರು, ತುಟಿ ಒಣಗಿತ್ತು. ನಾನು ಮುಖ ಊದಿಸಿಕೊಂಡು ಹತ್ತಿ ಕೂತೆ. ಅವರು ಹೊರಡುವ ಮೊದಲು ಎಡಗನ್ನಡಿಯನ್ನು ಹೆಬ್ಬೆರಳಿನಿಂದ ಒಂದಷ್ಟು ಹೊತ್ತು ಒತ್ತಿದರು. ಧೂಳು ಒರೆಸುತ್ತಿದ್ದಾರೆ ಎಂದುಕೊಂಡೆ. ನನ್ನ ಸಿಟ್ಟಿನಲ್ಲಿ ಅದನ್ನು ವಿಚಾರಿಸಲು ಹೋಗಲಿಲ್ಲ.

ಇನ್ನು ನಾವು ಬಿದ್ದ ಕಥೆ. ತವರಿನಿಂದ ತಮ್ಮ ಚಕ್ಕೋತ ಕಳಿಸಿದ್ದ. ದೇವನಹಳ್ಳಿ ಕಡೆಯ ಚಕ್ಕೋತ ನೋಡಿದವರಿಗೆ ಗೊತ್ತು, ಒಂದೊಂದೂ ಮಗುವಿನ ತಲೆಯಷ್ಟು ಇರುತ್ತದೆ. ವನಜ ಈಗ ಬಾಶೆಟ್ಟಿಹಳ್ಳಿಯಲ್ಲಿದ್ದಾಳೆ. ಅವಳಿಗೆ ಎರಡು ಕೊಟ್ಟು ಬರೋಣ ಎಂದು ಸಂಜೆ ಹೊರಟೆವು. ಚೀಲ ಹರಿದಿತ್ತು. ಬೇರೆ ಚೀಲ ಹುಡುಕಲು ಸೋಮಾರಿತನ. ಎರಡು ಹಣ್ಣನ್ನೂ ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ತಬ್ಬಿಕೊಂಡು, ಒಂದೇ ಕಡೆ ಕಾಲು ಇಳಿಬಿಟ್ಟು ಕೂತೆ. ಯಾವಾಗಲೂ ಕೂರುವ ಹಾಗೆಯೇ. ಕೈ ಎರಡೂ ಖಾಲಿ ಇಲ್ಲ, ಭುಜ ತಟ್ಟುವವರು ಯಾರು ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಬಾಶೆಟ್ಟಿಹಳ್ಳಿ ಹತ್ತಿರ ಬಂದಾಗ ಶಿಫ್ಟು ಬದಲಾಗುವ ಹೊತ್ತು. ಆ ಹೊತ್ತಿನಲ್ಲಿ ಆ ರಸ್ತೆ ನೋಡಬೇಕು ನೀವು. ಕಾರ್ಖಾನೆ ಬಸ್ಸುಗಳ ಸಂದಿಯಲ್ಲಿ ಬೈಕುಗಳು ತೂರುತ್ತವೆ. ಒಬ್ಬ ಫೋನನ್ನು ಕಿವಿಗೂ ಹೆಲ್ಮೆಟ್ಟಿಗೂ ನಡುವೆ ಸಿಕ್ಕಿಸಿಕೊಂಡು ನಗುತ್ತ ಬರುತ್ತಾನೆ. ಇನ್ನೊಬ್ಬ ಸುತ್ತು ಬಳಸಬೇಕಲ್ಲ ಎಂದು ಎದುರು ದಿಕ್ಕಿನಲ್ಲೇ ಬರುತ್ತಾನೆ. ಅವನ ಮುಖದಲ್ಲಿ ಎಷ್ಟು ನೆಮ್ಮದಿ ಎಂದರೆ, ನಾವೇ ತಪ್ಪು ದಾರಿಯಲ್ಲಿ ಬಂದೆವೇನೋ ಎನ್ನಿಸಬೇಕು.

ವನಜಳ ಮನೆಗೆ ಬಲಕ್ಕೆ ತಿರುಗಬೇಕು. ನಮ್ಮನೆಯವರು ಮೆಲ್ಲಗೆ ಮಾಡಿದರು. ಹಿಂದಿನಿಂದ ಬಲಗಡೆಯಲ್ಲಿ ಹಾರ್ನ್ ಕೇಳಿಸಿತು. ಹತ್ತಿರವೇ. ನಾನು "ರೀ, ಗಾಡಿ!" ಎಂದು ಕಿರುಚಿದೆ. ಕೇಳಿಸಲಿಲ್ಲ. ಭುಜ ತಟ್ಟಲು ಕೈ ಇಲ್ಲ. ಏನು ಮಾಡುವುದೆಂದು ತೋಚದೆ ಹಣೆಯಿಂದ ಅವರ ಬೆನ್ನಿಗೆ ಗುದ್ದಿದೆ. ನಮ್ಮ ಭಾಷೆಯಲ್ಲಿ ಹಣೆಗೆ ಅರ್ಥವೇ ಇರಲಿಲ್ಲ. ನಾನು ತೂಕಡಿಸುತ್ತಿದ್ದೇನೆ ಎಂದುಕೊಂಡು ಅವರು ಎಡಗನ್ನಡಿ ನೋಡಿದರು. ನೋಡುತ್ತಲೇ ಬಲಕ್ಕೆ ತಿರುಗಿಸಿದರು.

ಗಾಡಿ ಬಲಕ್ಕೆ ಬಿತ್ತು. ನಾನು ಎಡಕ್ಕೆ ಜಾರಿ ಬಿದ್ದೆ. ಕೈಯಲ್ಲಿ ಏನೋ ಲಟಕ್ ಎಂದಿತು. ಎದ್ದು ನೋಡಿದರೆ ರಸ್ತೆಯ ಮೇಲೆ ಕೆಂಪಗೆ ಏನೋ ಒಡೆದು ಹರಡಿಕೊಂಡಿತ್ತು. ಅವರ ತಲೆಯೇ ಎಂದುಕೊಂಡೆ. ದೇವರಾಣೆ, ನನ್ನ ಪ್ರಾಣ ಅರೆಗಳಿಗೆ ನನ್ನಲ್ಲಿರಲಿಲ್ಲ. ಆಮೇಲೆ ತಿಳಿಯಿತು, ಅದು ಬಸ್ಸಿನ ಚಕ್ರಕ್ಕೆ ಸಿಕ್ಕಿದ ಚಕ್ಕೋತ. ನಮ್ಮನೆಯವರು ಗಾಡಿಯ ಕೆಳಗೆ ಕಾಲು ಸಿಕ್ಕಿಕೊಂಡು ಬಿದ್ದಿದ್ದರು. ಕಾಲನ್ನು ಬಿಡಿಸಿಕೊಳ್ಳುವುದು ಬಿಟ್ಟು ಕತ್ತು ಎತ್ತಿ ಕನ್ನಡಿಯನ್ನೇ ನೋಡುತ್ತಿದ್ದರು. ಕನ್ನಡಿಯಲ್ಲಿ ಆಕಾಶ ಬಿಟ್ಟು ಏನೂ ಇರಲಿಲ್ಲ. ತಲೆಗೆ ಪೆಟ್ಟಾಗಿ ಏನಾದರೂ ಹೆಚ್ಚುಕಡಿಮೆಯಾಯಿತೇ ಎಂದು ಹೆದರಿ ಅವರ ಮುಂದೆ ಹೋಗಿ ಕೂತೆ. ನನ್ನ ಮುಖ ನೋಡಿದ ಮೇಲೆ ಕಣ್ಣು ಮುಚ್ಚಿಕೊಂಡು, "ಇದ್ದೀಯಾ," ಎಂದರು.

ಹಿಂದಿನಿಂದ ಬೈಕಿನಲ್ಲಿ ಬಂದು ಗುದ್ದಿದವನು ಲೋಕೇಶ ಎಂಬಾತ. ಅಲ್ಲೇ ಕಾರ್ಖಾನೆಯೊಂದರಲ್ಲಿ ಕೆಲಸ. ಅವನ ಹೆಲ್ಮೆಟ್ಟು ಮೊಣಕೈಗೆ ನೇತಾಡುತ್ತಿತ್ತು. ಮೊಣಕೈಗೆ ಒಂದು ಗೀರೂ ಆಗಿರಲಿಲ್ಲ. ಹುಬ್ಬು ಒಡೆದಿತ್ತು, ಕಾಲಿನ ಹರಡು ಮುರಿದಿತ್ತು. ಸುತ್ತ ಜನ ಸೇರಿದರು. ಟೀ ಅಂಗಡಿಯ ಹೆಂಗಸು ನೀರು ತಂದು ಕೊಡುತ್ತ, "ಹುಡುಗ್ರು ಹೊಡ್ಕೊಂಡು ಬರ್ತಾರೆ ಕಣಮ್ಮ, ಸ್ಪೀಡು," ಎಂದಳು. ಆಟೋದವನು, "ಅಂಕಲ್ ಇಂಡಿಕೇಟರ್ ಹಾಕಿಲ್ಲ ಗುರು, ನಾನು ನೋಡ್ದೆ," ಎಂದ. ಇನ್ನೊಬ್ಬರು ರಸ್ತೆಯದೇ ತಪ್ಪು ಎಂದರು. ಮತ್ತೊಬ್ಬರು ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದರು. ಎಲ್ಲರೂ ಹೇಳಿದ್ದು ಸರಿ ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯ್ತು?" ಎಂದಾಗ ನಾನು "ಚಕ್ಕೋತ" ಎಂದೆ. ಅವರು ನನ್ನ ತಲೆಯದೂ ಒಂದು ಎಕ್ಸ್‌ರೇ ತೆಗೆಯಲು ಹೇಳಿದರು.

ಪ್ಲಾಸ್ಟರ್ ಹಾಕಿಸಿಕೊಂಡ ಕೆಲವು ದಿನಗಳ ಮೇಲೆ ಆಟೋ ಮಾಡಿಕೊಂಡು ಲೋಕೇಶನನ್ನು ನೋಡಲು ಅವನ ಬಾಡಿಗೆ ರೂಮಿಗೆ ಹೋದೆವು. ಜಗಳಕ್ಕೆ ಬಂದೆವೇನೋ ಎಂದು ಅವನು ಗಾಬರಿಯಾದ. ಪ್ಲಾಸ್ಟರ್ ಹಾಕಿದ ಕಾಲಿನಲ್ಲೇ ಕುಂಟುತ್ತ ಎದ್ದು ಚಾಪೆ ಹಾಸಿದ.

"ತಪ್ಪು ನಂದೇ ಸಾರ್," ಎಂದ.

ನಮ್ಮನೆಯವರಿಗೆ ನಾನು ಅದನ್ನು ಕಿವಿಯಲ್ಲಿ ಕೂಗಿ ಹೇಳಿದೆ. ಅವರು, "ಇಲ್ಲಪ್ಪ, ನಾನೇ ನೋಡದೇ ತಿರುಗಿಸ್ದೆ," ಎಂದರು.

"ಇಲ್ಲ ಸಾರ್, ಡ್ಯೂಟಿಗೆ ಲೇಟಾಗಿತ್ತು. ನೀವು ಸ್ಲೋ ಮಾಡಿದ್ದು ಕಾಣ್ತು. ಹಾರ್ನ್ ಹೊಡ್ದೆ. ಹಾರ್ನ್ ಹೊಡ್ದ ಮೇಲೆ ಮುಗೀತು, ದಾರಿ ಬಿಡ್ತಾರೆ ಅನ್ಕೊಂಡ್ಬಿಟ್ಟೆ."

ಗಂಡಸರಿಬ್ಬರೂ ತಪ್ಪನ್ನು ನನಗೆ ನನಗೆ ಎಂದು ಎಳೆದಾಡುತ್ತಿದ್ದರೆ ನಾನು ನಡುವೆ ಪೆಚ್ಚಾಗಿ ಕೂತಿದ್ದೆ. ಅವನು ಹಾರ್ನನ್ನು ನಂಬಿದ್ದ. ಇವರು ನನ್ನ ಕೈಯನ್ನು ನಂಬಿದ್ದರು. ನಾನು ಇವರ ಕನ್ನಡಿಯನ್ನು ನಂಬಿದ್ದೆ. ಎಷ್ಟೆಂದರೂ ಕನ್ನಡಿ ನೋಡಿಯೇ ತಿರುಗಿಸಿದರಲ್ಲ, ನೋಡಿಯೂ ಹೇಗೆ ಕಾಣಲಿಲ್ಲ ಎನ್ನುವುದೊಂದೇ ನನಗೆ ಬಿಡಿಸಲಾಗದ ಗಂಟಾಗಿತ್ತು.

ಅದು ಬಿಡಿಸಿಕೊಂಡದ್ದು ಬಾಷಾ ಗಾಡಿ ತಂದುಕೊಟ್ಟ ಮೇಲೆ. ಮಾರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ನಿಂತವು. ನಾನು ನಮ್ಮನೆಯವರ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ. ಈಗ ಕೇಳಿಸಲಿಲ್ಲ ಎನ್ನುವ ಹಾಗಿಲ್ಲ.

"ಆ ಕನ್ನಡಿ ಯಾವಾಗಿಂದ ಹಂಗಿದೆ?"

ಅವರು ಬೆರಳಿಗೆ ಅಂಟಿದ್ದ ನೂಲಿನ ಎಳೆ ಬಿಡಿಸುತ್ತ, "ಬಂಕಿಂದ. ಗಾಡಿ ಬದಲಾದಾಗ್ಲೂ ಹಂಗೇ ತಿರುಗಿಸ್ಕೋತಿದ್ದೆ," ಎಂದರು.

"ಬಂಕಿಂದ ಅಂದ್ರೆ? ಸೌಮ್ಯ ಹಾಲು ಕುಡೀತಿದ್ಲು ಆಗ! ಅವತ್ತಿಂದ ನೀವು ಹಿಂದೆ ಬರೋ ಗಾಡೀನೇ ನೋಡಿಲ್ವಾ?"

"ನೀನು ನೋಡ್ತಿದ್ದೆಯಲ್ಲ."

"ಅಯ್ಯೋ ನನ್ನ ಕರ್ಮವೇ! ಕನ್ನಡೀಲಿ ನೀವು ನೋಡ್ತೀರ ಅಂತ ನಾನು ಅರ್ಧ ದಾರಿ ಅಂಗಡಿ ಬೋರ್ಡು ಓದ್ಕೊಂಡು ಕೂತಿರ್ತಿದ್ದೆ ಕಣ್ರೀ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ವರ್ಷ ಆ ಗಾಡಿಯ ಹಿಂದಿನ ರಸ್ತೆಯನ್ನು ಯಾರೂ ನೋಡಿರಲಿಲ್ಲ. ನನಗೆ ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು.

"ಒಬ್ರೇ ಹೋಗೋವಾಗ?"

"ಆಗ ಖಾಲಿ ಸೀಟು ಕಾಣುತ್ತೆ. ಹಿಂದೆ ನೋಡೋಕೆ ನೀನಿಲ್ಲ ಅಂತ ನಾನೇ ಕತ್ತು ತಿರುಗಿಸಿ ನೋಡಿ ಹುಷಾರಾಗಿ ಹೋಗ್ತೀನಿ."

ಇದನ್ನು ಕೇಳಿ ಏನು ಹೇಳಬೇಕು ನೀವೇ ಹೇಳಿ. ನಾನಿಲ್ಲದಾಗ ಹುಷಾರು, ನಾನಿದ್ದಾಗ ಬೇಹುಷಾರು! ಅವರನ್ನು ಕಾಯುತ್ತಿದ್ದೇನೆ ಎಂದು ನಾನು ಬೀಗುತ್ತಿದ್ದೆ. ಹಾಗಾದರೆ ನಾನು ಅವರಿಗೆ ಕಾವಲೋ ಗಂಡಾಂತರವೋ? ಬೈಯಲು ಬಾಯಿ ತೆರೆದೆ. ಅವರು ತಲೆ ತಗ್ಗಿಸಿಕೊಂಡೇ ಮಾತು ಮುಂದುವರಿಸಿದರು.

"ಅವತ್ತು ಬಂಕಿಗೆ ವಾಪಸ್ ಬರೋವಾಗ ದಾರೀಲಿ ಒಂದು ಕಡೆ ಜನ ಗುಂಪು ಕಟ್ಕೊಂಡು ನಿಂತಿದ್ರು ಪದ್ಮಾ. ನೀನು ಎಲ್ಲೋ ಬಿದ್ದುಹೋಗಿದೀಯ, ನನಗೆ ಗೊತ್ತೇ ಆಗಿಲ್ಲ ಅನ್ಕೊಂಡೆ. ಇಳಿದು ನೋಡಿದ್ರೆ ಯಾವುದೋ ಎಮ್ಮೆ. ಆಮೇಲಿಂದ ನನಗೆ ಮುಂದೆ ನೋಡಿದಷ್ಟೂ ಹಿಂದೆ ನೀನಿದ್ದೀಯೋ ಇಲ್ವೋ ಅಂತಾನೇ ಭಯ."

ಬಂಕಿನಲ್ಲಿ ನಿಂತಿದ್ದ ನನ್ನ ಸಿಟ್ಟನ್ನು ನಾನು ಊರಿಗೆಲ್ಲ ಹಂಚಿಕೊಂಡು ನಕ್ಕಿದ್ದೆ. ಅವರ ಈ ಭಯವನ್ನು ಅವರು ಯಾರಿಗೂ ಹೇಳಿರಲಿಲ್ಲ. ಗಾಡಿಯ ಕೆಳಗೆ ಬಿದ್ದುಕೊಂಡು ಆಕಾಶ ತೋರಿಸುವ ಕನ್ನಡಿಯಲ್ಲಿ ಹುಡುಕುತ್ತಿದ್ದದ್ದು ಏನನ್ನು ಎಂದು ಆಗ ಅರ್ಥವಾಯಿತು. ನನಗೆ ಅಳು ಬಂದುಬಿಟ್ಟಿತು. ಪ್ರೀತಿಯಿಂದಲೇ ಇರಬಹುದು, ಆದರೆ ಆ ಪ್ರೀತಿಯೇ ನಮ್ಮಿಬ್ಬರನ್ನೂ, ಪಾಪ ಆ ಲೋಕೇಶನನ್ನೂ ಬಸ್ಸಿನ ಚಕ್ರದ ಹತ್ತಿರ ಕೊಂಡೊಯ್ದಿತ್ತಲ್ಲ! ಖುಷಿಪಡಲೋ ಜಗಳವಾಡಲೋ ಎಂದು ತೀರ್ಮಾನವಾಗುವಷ್ಟರಲ್ಲಿ ಕರೆಂಟು ಬಂತು. 

ಸೌಮ್ಯಳಿಗೆ ಎಲ್ಲ ಹೇಳಿದೆ. ಫೋನಿನಲ್ಲಿ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಇದನ್ನ ಹೇಳಿದ್ರೆ ಯಾರೂ ನಂಬಲ್ಲ ಕಣಮ್ಮ," ಎಂದಳು. ಗಾಡಿ ಹತ್ತಬಾರದು ಎನ್ನುವ ಹಟವನ್ನು ಪೂರ್ತಿ ಬಿಡಲಿಲ್ಲ, ಸಡಿಲ ಮಾಡಿದಳು. ಭಾನುವಾರ ಬಂದು ಅಪ್ಪನನ್ನು ಎಳೆದುಕೊಂಡು ಹೋಗಿ ಕಿವಿಗೆ ಮೆಷಿನ್ ಹಾಕಿಸಿದಳು. ಎರಡು ಹೆಲ್ಮೆಟ್ ತಂದಳು. ಅಟ್ಟದ ಮೇಲಿದ್ದ ಬಲಗನ್ನಡಿಯನ್ನು ಇಳಿಸಿ ಧೂಳು ಒರೆಸಿ ಬಾಷಾನಿಗೆ ಕೊಟ್ಟಳು. ಎಡಗನ್ನಡಿಯ ತುಕ್ಕನ್ನೂ ಅವನೇ ಬಿಡಿಸಿದ. ಈ ಸಲ ನಮ್ಮನೆಯವರು ಓಡಿ ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಹೋದರು.

ಮೆಷಿನ್ ಹಾಕಿಕೊಂಡ ಮೇಲೆ ಹೊಸ ಫಜೀತಿ. ಅವರಿಗೆ ಈಗ ಎಲ್ಲವೂ ಕೇಳಿಸುತ್ತದೆ. ಸಾಂಬಾರ್ ಕುದಿಯುವುದು ಕೇಳಿಸುತ್ತದೆ. ನಾನು ಗೊಣಗುವುದೂ ಕೇಳಿಸುತ್ತದೆ. "ನೀನು ದಿನಾ ಇಷ್ಟೊಂದು ಮಾತಾಡ್ತಿದ್ದೆಯಾ?" ಎಂದು ಒಂದು ದಿನ ನಿಜವಾದ ಅಚ್ಚರಿಯಿಂದ ಕೇಳಿದರು. ಮಗ್ಗದ ಮುಂದೆ ಅದನ್ನು ಬಿಚ್ಚಿಡುತ್ತಾರೆ, ಗಾಡಿ ತೆಗೆಯುವಾಗ ಹಾಕಿಕೊಳ್ಳುತ್ತಾರೆ. ಮೊದಮೊದಲು ಎಲ್ಲೋ ಹಾರ್ನ್ ಆದರೂ ಬೆಚ್ಚಿ ಬ್ರೇಕ್ ಹಿಡಿಯುತ್ತಿದ್ದರಂತೆ. ಹಿಂದಿನವರು ಬೈದದ್ದೂ ಕೇಳಿಸುತ್ತಿತ್ತಂತೆ. ಇಷ್ಟು ವರ್ಷ ಹೀಗೇ ಬೈಸಿಕೊಂಡಿದ್ದೆನೇನೋ ಎಂದು ಅವರಿಗೆ ಬೇಜಾರು.

ಪ್ಲಾಸ್ಟರ್ ಬಿಚ್ಚಿ, ಕೈ ಸ್ವಲ್ಪ ಸ್ವಾಧೀನಕ್ಕೆ ಬಂದ ಮೇಲೆ ವನಜ ಫೋನ್ ಮಾಡಿದಳು. "ಅಕ್ಕಾ, ಚಕ್ಕೋತ ಅಂತೂ ಬರ್ಲಿಲ್ಲ, ನೀವಾದ್ರೂ ಬನ್ನಿ."

ನಮ್ಮನೆಯವರು ಗಾಡಿಯನ್ನು ಬೀದಿಗೆ ಇಳಿಸಿ ನಿಂತರು. ಹತ್ತು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಹೊಸಿಲ ಮೇಲೆ ನಿಂತೆ. ಒಳಗೆ ಹೋಗಿ ತುರುಬು ಬಿಚ್ಚಿ ಜಡೆ ಹಾಕಿಕೊಂಡು ಬಂದೆ, ಹೆಲ್ಮೆಟ್ ಕೂರಲಿ ಎಂದು. ಹಣ್ಣಿಲ್ಲ, ಚೀಲವಿಲ್ಲ, ಎರಡೂ ಕೈ ಖಾಲಿ. ಎರಡೂ ಕಡೆ ಕಾಲು ಹಾಕಿ ಕೂರಬೇಕು ಎಂದು ಸೌಮ್ಯ ಹೇಳಿದ್ದಳು. ಈ ವಯಸ್ಸಿನಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ! ಆದರೂ ಅವಳು ಕೊಡಿಸಿದ ಚೂಡಿದಾರ ಹಾಕಿಕೊಂಡು ಹಾಗೇ ಕೂತೆ.

ಊರು ದಾಟಿದೆವು. ಅವರ ಕಣ್ಣು ಪದೇಪದೇ ಎಡಗನ್ನಡಿಗೆ ಹೋಗುತ್ತಿತ್ತು. ಅವತ್ತು ಬಾಷಾನ ಕಣ್ಣು ಕಂಡ ಹಾಗೆ ಈಗ ಅದರಲ್ಲಿ ಅವರ ಕಣ್ಣು ನನಗೆ ಕಾಣುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಲಾರಿ ಕಾಣುತ್ತಿತ್ತು. ಅವರು ಗಾಡಿ ಮೆಲ್ಲಗೆ ಮಾಡಿದರು.

"ಏನ್ರೀ?"

"ರಸ್ತೆಯೆಲ್ಲ ಕಾಣುತ್ತೆ ಕಣೇ. ನೀನೇ ಕಾಣ್ತಿಲ್ಲ."

ಅವರ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಕನ್ನಡಿಯನ್ನು ಮತ್ತೆ ನನ್ನ ಕಡೆಗೇ ತಿರುಗಿಸಿಬಿಡೋಣವೇ ಎಂದು ಒಂದು ಸಲ ಅನ್ನಿಸಿದ್ದು ಸುಳ್ಳಲ್ಲ. ತಿರುಗಿಸಲಿಲ್ಲ. ಎಡಗೈ ಎತ್ತಿ ಅವರ ಎಡಭುಜದ ಮೇಲಿಟ್ಟೆ. ತಟ್ಟಲಿಲ್ಲ, ಹಿಂಡಲಿಲ್ಲ. ಸುಮ್ಮನೆ ಇಟ್ಟೆ. ಎಲ್ಲ ಹೆಂಡತಿಯರೂ ಗಾಡಿಯಲ್ಲಿ ಹಾಗೇ ಕೂರುತ್ತಾರೆ. ನಾನು ಮಾತ್ರ ಯಾವತ್ತೂ ಕೂತಿರಲಿಲ್ಲ, ನನ್ನ ಕೈಗೆ ಬೇರೆ ಕೆಲಸ ಇರುತ್ತಿತ್ತು.

ವನಜಳ ಮನೆಯ ತಿರುವು ಹತ್ತಿರವಾಯಿತು. ಕೈ ಇನ್ನೂ ಭುಜದ ಮೇಲೇ ಇತ್ತು. ನಮ್ಮನೆಯವರಿಗೆ ಗಲಿಬಿಲಿಯಾಯಿತು.

"ಏನು, ಎಡಗಡೆಯಿಂದ ಗಾಡಿ ಬರ್ತಿದೆಯಾ?"

"ಯಾವ ಗಾಡೀನೂ ಇಲ್ಲ ರೀ. ನಾನು ಇದ್ದೀನಿ, ಅಷ್ಟೆ."

ಅದನ್ನು ನಾನು ಕೂಗಿ ಹೇಳಲಿಲ್ಲ. ಮೆಲ್ಲಗೇ ಹೇಳಿದೆ.

"ಕೇಳಿಸ್ತು," ಎಂದರು. ಆಮೇಲೆ ಬಲಗನ್ನಡಿ ನೋಡಿದರು, ಕತ್ತು ತಿರುಗಿಸಿ ಹಿಂದಿನ ರಸ್ತೆ ನೋಡಿದರು, ಬರುತ್ತಿದ್ದ ಒಂದು ಬೈಕನ್ನು ಮುಂದೆ ಹೋಗಲು ಬಿಟ್ಟು, ಗಾಡಿಯನ್ನು ಬಲಕ್ಕೆ ತಿರುಗಿಸಿದರು.